ಕೊಬ್ಬರಿಗೆ ಕರಟ ಹುಡುಕುತ್ತಿರುವ ನನ್ನ ತಮ್ಮನಿಗೆ

ಚಿ॥ ತಮ್ಮನಿಗೆ, ಚಿ॥ ಸೌ॥ ನಾದಿನಿಗೆ ನಿಮ್ಮ ಅಕ್ಕ ಮಾಡುವ ಆಶೀರ್ವಾದಗಳು.

ಮನೆಯೊಳಗಿನ ಮಾತನ್ನು ಹೀಗೆ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಬೇರೆ ದಾರಿ ಉಳಿದಿಲ್ಲ. ‘ಪಾಪು ನೇಮ್ ಫೈನಲ್’ ಅನ್ನುವ ನಿಮ್ಮ ವಾಟ್ಸ್ಯಾಪ್ ಗ್ರೂಪಿನಲ್ಲಿ ಹೋದ ಮಂಗಳವಾರದಿಂದ ಅಡ್ಮಿನ್‌ಗಳು ಮಾತ್ರ ಮೆಸೇಜು ಹಾಕಬಹುದಂತೆ. ಅಡ್ಮಿನ್‌ಗಳು ನೀವಿಬ್ಬರೇ. ಇದಕ್ಕೆಲ್ಲ ಕಾರಣ ಸೋಮವಾರ ರಾತ್ರಿ ನಾನು ಹಾಕಿದ ಒಂದೇ ಒಂದು ಸಾಲು: ‘ಕಿಟ್ಟಿ ಅಂತ ಕರೀಬೇಕು ಅಂದ್ರೆ ಕೃಷ್ಣಮೂರ್ತಿ ಅಂತ ಇಟ್ರಾಯ್ತಲ್ಲ?’ ನಾದಿನಿ ಕಣ್ಣಲ್ಲಿ ನೀರು ಬರುವ ಹಾಗೆ ನಗುವ ಮುಖ ಮೂರು ಹಾಕಿದಳು. ನಾನು ತಮಾಷೆ ಮಾಡುತ್ತಿಲ್ಲ ಅಂತ ಅವಳಿಗೆ ಗೊತ್ತಾದದ್ದು ಬೆಳಿಗ್ಗೆ.

ಮೊದಲು ನಿಮ್ಮನ್ನು ಹೊಗಳಿಬಿಡುತ್ತೇನೆ. ಕಿಟ್ಟಿ ಅನ್ನುವ ಹೆಸರನ್ನು ನೀವು ಹುಡುಕಿಕೊಂಡ ರೀತಿ ನನಗೆ ನಿಜವಾಗಿಯೂ ಇಷ್ಟವಾಯಿತು. ಅಪ್ಪನ ವೈಕುಂಠ ಸಮಾರಾಧನೆಯ ದಿನ ತಿಪಟೂರಿನಿಂದ ಅವರ ಹಳೇ ಸ್ನೇಹಿತರು ಬಂದಿದ್ದರು, ನೆನಪಿದೆಯಾ? ಎಂಬತ್ತರ ಹತ್ತಿರದವರು. ಒಬ್ಬಟ್ಟು ಬಡಿಸುವಾಗ ಎಲೆಗೆ ಕೈ ಅಡ್ಡ ಹಿಡಿದು, ‘ಕಿಟ್ಟಿ ಇದ್ದಿದ್ರೆ ಇನ್ನೊಂದು ಹಾಕಿಸದೆ ಬಿಡ್ತಿರಲಿಲ್ಲ’ ಅಂದರು. ಅಂದು ಕೈ ತೆಗೆದರು. ಅಪ್ಪ ಇಲ್ಲದ ಮೇಲೂ ಒಂದು ಒಬ್ಬಟ್ಟು ಹಾಕಿಸಿದ ಹೆಸರು ಅದು. ಪಕ್ಕದಲ್ಲಿ ತುಪ್ಪದ ಗಿಂಡಿ ಹಿಡಿದು ನಿಂತಿದ್ದ ನಾದಿನಿ, ‘ಕಿಟ್ಟಿ! ಎಷ್ಟು ಕ್ಯೂಟಾಗಿದೆ!’ ಅಂದಳು. ಆಗಿನ್ನೂ ಅವಳು ನಮ್ಮ ಮನೆಗೆ ಬಂದು ವರ್ಷವೂ ತುಂಬಿರಲಿಲ್ಲ. ಹೊಟ್ಟೆಯಲ್ಲಿ ಇಲ್ಲದ ಮಗುವಿಗೆ ಅವತ್ತೇ ಹೆಸರು ಗೊತ್ತಾಗಿಹೋಯಿತು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ಹಿರಿಯರು ನಗುತ್ತಿದ್ದರು. ಪಾಪ, ಅವರ ಕಾಲದಲ್ಲಿ ಮುಂಗಡ ಬುಕಿಂಗ್ ಇರಲಿಲ್ಲ.

ಈಗ ಕೂಸು ಹುಟ್ಟಿ ಎರಡೂವರೆ ತಿಂಗಳು. ಹನ್ನೊಂದನೆಯ ದಿನಕ್ಕೋ ಹನ್ನೆರಡನೆಯ ದಿನಕ್ಕೋ ಆಗಬೇಕಾಗಿದ್ದ ನಾಮಕರಣ ಮೂರನೆಯ ತಿಂಗಳಿಗೆ ಹೋಗಿದೆ. ತೊಟ್ಟಿಲು ಬಂದಿದೆ, ಬೆಳ್ಳಿ ಬಟ್ಟಲು ಬಂದಿದೆ, ಕರೆಯುವ ಹೆಸರೂ ತಯಾರಿದೆ. ಇಲ್ಲದಿರುವುದು ಹೆಸರು ಮಾತ್ರ.

ನೀನು ಕಳಿಸಿದ ಎಕ್ಸೆಲ್ ಹಾಳೆಯನ್ನು ಪೂರ್ತಿ ನೋಡಿದೆ. ಬ್ಯಾಂಕಿನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವಳು ನಾನು; ಸಾಲದ ಅರ್ಜಿಗೂ ಇಷ್ಟು ಕಾಲಂ ನೋಡಿಲ್ಲ. ಕ ಅಕ್ಷರದಿಂದ ಶುರುವಾಗಬೇಕು. ಮೂರು ಅಕ್ಷರ ಮೀರಬಾರದು. ಅಮೆರಿಕದವರ ನಾಲಿಗೆ ತೊಡರಬಾರದು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ಹೆಸರಿನ ಇನ್ನೊಂದು ಮಗು ಇರಬಾರದು. ಇನ್‌ಸ್ಟಾಗ್ರಾಂನಲ್ಲಿ ಹೆಸರು ಖಾಲಿ ಇರಬೇಕು. ಸಂಖ್ಯಾಶಾಸ್ತ್ರ ಇತ್ಯಾದಿ. ಕೊನೆಯ ಕಾಲಂ ದಪ್ಪಕ್ಷರದಲ್ಲಿ: ‘ಕಿಟ್ಟಿ ಬರುತ್ತಾ?’ ಅದರ ಕೆಳಗೆ ಸಾಲಾಗಿ ಹೌದು, ಇಲ್ಲ, ಎಳೆದರೆ ಬರಬಹುದು.

ಕಿಯಾನ್: ಎಳೆದರೆ ಬರಬಹುದು. ಕೃತಿಕ್: ಹೌದು. ಕಿರೀಟಿ: ಹೌದು, ಆದರೆ ಬಿ ಬ್ಲಾಕಿನಲ್ಲಿ ಒಬ್ಬ ಇದ್ದಾನೆ. (ಅರ್ಜುನನ ಹೆಸರು, ಬಾಯಿ ತುಂಬ ಬರುತ್ತೆ, ನಾನಾಗಿದ್ದರೆ ಬಿ ಬ್ಲಾಕಿನವರಿಗೆ ಹೆದರುತ್ತಿರಲಿಲ್ಲ.) ಎಲ್ಲಕ್ಕಿಂತ ಮೇಲೆ ಹಸಿರು ಬಣ್ಣ ಬಳಿದಿರುವುದು ಕ್ರಿಯಾಂಶ್‌ಗೆ. ಅದರ ಅರ್ಥ ಏನು ಅಂತ ಫೋನಿನಲ್ಲಿ ಕೇಳಿದೆ. ‘ಕೃಷ್ಣನ ಅಂಶ ಅಂತೆ ಅಕ್ಕ’ ಅಂದೆ. ಸಂತೋಷ. ಕೃಷ್ಣನ ಅಂಶ ಆಗಬಹುದು, ಪೂರ್ತಿ ಮೂರ್ತಿಯೇ ಬೇಡ.

ನಿಮ್ಮ ಹಾಳೆಯಲ್ಲಿ ಬಿಟ್ಟುಹೋಗಿರುವ ಒಂದು ಹೆಸರನ್ನು ನಾನು ಸೇರಿಸುತ್ತೇನೆ. ಕಿಟ್ಟೆಲ್. ಕ ದಿಂದ ಶುರು, ಮೂರೇ ಅಕ್ಷರ, ವಿದೇಶದವರ ನಾಲಿಗೆಗೆ ನೀರು ಕುಡಿದಷ್ಟು ಸುಲಭ, ಅಪಾರ್ಟ್‌ಮೆಂಟಿನಲ್ಲಿ ಇನ್ನೊಬ್ಬ ಇರುವ ಭಯವಿಲ್ಲ, ಕೊನೆಯ ಕಾಲಮ್ಮಿನಲ್ಲಿ ಕಣ್ಣು ಮುಚ್ಚಿ ಹೌದು. 1894ರಲ್ಲಿ ನಮಗೆ ಕನ್ನಡ–ಇಂಗ್ಲಿಷ್ ನಿಘಂಟು ಮಾಡಿಕೊಟ್ಟ ಪುಣ್ಯಾತ್ಮನ ಹೆಸರು, ಕನ್ನಡಾಭಿಮಾನಕ್ಕೂ ಕೊರತೆಯಿಲ್ಲ. ಯೋಚನೆ ಮಾಡಿ.

ಇನ್ನು ಜೋಯಿಸರ ಕಡೆಯಿಂದ ಬಂದ ಕಷ್ಟ. ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಪಾದಕ್ಕೊಂದು ಅಕ್ಷರ, ಒಟ್ಟು 108. ಮೃಗಶಿರದ ನಾಲ್ಕನೆಯ ಪಾದಕ್ಕೆ ಅಕ್ಷರ ‘ಕಿ’. ನೋಡು, ಕಿಟ್ಟಿಗೆಂದೇ ದೇವರು ಇಟ್ಟ ಜಾಗ. ನಿಮ್ಮ ಮಗ ಅದನ್ನು ಅರ್ಧ ದಿನದ ಅಂತರದಲ್ಲಿ ತಪ್ಪಿಸಿಕೊಂಡು, ಆರಿದ್ರೆಯ ಮೊದಲೆರಡು ಪಾದಗಳನ್ನೂ ದಾಟಿ, ಸೀದಾ ಮೂರನೆಯದಕ್ಕೆ ಬಂದು ಇಳಿದ. ಆ ಪಾದದ ಅಕ್ಷರ ‘ಙ’. ಈ ಙ ಎಂಬುದನ್ನು ನಾನು ಜೀವನದಲ್ಲಿ ಕಂಡಿರುವುದು ಎರಡೇ ಕಡೆ, ಒಂದು ವರ್ಣಮಾಲೆಯ ಚಾರ್ಟು, ಇನ್ನೊಂದು ‘ವಾಙ್ಮಯ’. ಹಾಗಾಗಿ ಜೋಯಿಸರು ‘ಗ’ ಇಟ್ಟುಕೊಳ್ಳಿ ಅಂದರು, ನೀವು ‘ಗ ದಿಂದ ಕಿಟ್ಟಿ ಹೇಗೆ ಬರುತ್ತೆ’ ಅಂತ ಅವರನ್ನೇ ಕೇಳಿದಿರಿ. ಅವರು ಪಂಚಾಂಗ ಮಡಿಚಿದ್ದು ನನಗೆ ಆಶ್ಚರ್ಯವಾಗಲಿಲ್ಲ. ತಟ್ಟೆಯ ಅಕ್ಕಿಯ ಮೇಲೆ ನಕ್ಷತ್ರದ ಹೆಸರು, ಮಾಸದ ಹೆಸರು, ದೇವರ ಹೆಸರು, ವ್ಯವಹಾರದ ಹೆಸರು ಎಲ್ಲ ಬರೆಸುತ್ತಾರಲ್ಲ, ನಕ್ಷತ್ರದ್ದನ್ನು ಅಲ್ಲೇ ಬರೆದು ಅಲ್ಲೇ ಬಿಟ್ಟರಾಯಿತು. ಒಂದು ಮಗುವಿಗೆ ನಾಲ್ಕು ಹೆಸರಿಡುವ ಅವಕಾಶ ಶಾಸ್ತ್ರದಲ್ಲೇ ಇದೆ. ನಾಲ್ಕೂ ಒಂದಕ್ಕೊಂದು ಹೊಂದಬೇಕು ಅಂತ ಮಾತ್ರ ಎಲ್ಲೂ ಹೇಳಿಲ್ಲ.

ನಾದಿನಿ ಇಂಗ್ಲಿಷ್ ಹೆಸರುಗಳ ಪುಸ್ತಕ ಓದಿ ಇನ್ನೊಂದು ಮಾತು ಹೇಳಿದ್ದಳು. ಹೊರದೇಶದಲ್ಲಿ ಲಿಬ್ಬಿ ಅಂತ ಕರೆಯುವ ಆಸೆಯಾದರೆ ಎಲಿಜಬೆತ್ ಅಂತ ಇಡುತ್ತಾರೆ, ದೊಡ್ಡವಳಾದ ಮೇಲೆ ಅವಳೇ ಲಿಜ್ ಆಗಬಹುದು, ಬೆಸ್ ಆಗಬಹುದು, ಬೆಟ್ಟಿ ಆಗಬಹುದು ಅಂತ. ಒಪ್ಪಿದೆ. ಆದರೆ ಅಲ್ಲಿ ಎಲಿಜಬೆತ್ ಅನ್ನುವುದು ಊರೆಲ್ಲ ಓಡಾಡಿದ ಹಳೇ ಹೆಸರು. ಲಿಬ್ಬಿ ಬೇಕು, ಎಲಿಜಬೆತ್ ಮಾತ್ರ ಮುದುಕಿ ಹೆಸರು, ಬೇಡ ಅಂತ ಅವರು ಲಿಬ್ಬಿಯಾಂಶಿ ಹುಡುಕಿಕೊಂಡು ಹೊರಡಲಿಲ್ಲ. ಅಲ್ಲಿನ ರಾಜಮನೆತನದ್ದೇ ಒಂದು ಕಥೆ ಕೇಳು. ಎರಡನೆಯ ಎಲಿಜಬೆತ್ ರಾಣಿ ಮಗುವಾಗಿದ್ದಾಗ ತನ್ನ ಹೆಸರು ತನಗೇ ಹೇಳಲು ಬಾರದೆ ‘ಲಿಲಿಬೆಟ್’ ಅಂದರಂತೆ, ಮನೆಯವರಿಗೆ ಕೊನೆಯವರೆಗೂ ಅದೇ ಆಯಿತು. 2021ರಲ್ಲಿ ಅವರ ಮೊಮ್ಮಗ ಹ್ಯಾರಿ ತನ್ನ ಮಗಳಿಗೆ ಆ ಮುದ್ದಿನ ಹೆಸರನ್ನೇ ದಾಖಲೆಯ ಹೆಸರು ಮಾಡಿ ಲಿಲಿಬೆಟ್ ಅಂತ ಇಟ್ಟ. ಈಗ ಆ ಮಗುವನ್ನು ಕರೆಯುವುದು ಲಿಲಿ ಅಂತ. ಕರೆಯುವ ಹೆಸರನ್ನು ಕಾಗದಕ್ಕೆ ಹತ್ತಿಸಿದರೆ ಅದು ಕಾಗದದ ಹೆಸರೇ ಆಗಿಬಿಡುತ್ತೆ, ಕರೆಯುವುದಕ್ಕೆ ಇನ್ನೊಂದು ಬೇಕಾಗುತ್ತೆ. ಬಂಗಾಳಿಗಳು ಇದನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ನಿನ್ನ ಆಫೀಸಿನಲ್ಲಿ ಕೋಲ್ಕತ್ತದವರಿದ್ದರೆ ಕೇಳಿನೋಡು. ಮನೆಯಲ್ಲಿ ಕರೆಯಲು ಡಾಕ್ ನಾಮ್ ಒಂದು, ದಾಖಲೆಗೆ ಭಾಲೋ ನಾಮ್ ಒಂದು. ಎರಡಕ್ಕೂ ನಂಟು ಇರಲೇಬೇಕೆಂದು ಯಾರೂ ಕೇಳುವುದಿಲ್ಲ. ಸತ್ಯಜಿತ್ ರಾಯ್ ಮನೆಯಲ್ಲಿ ಮಾಣಿಕ್. ರಾಷ್ಟ್ರಪತಿಯಾಗಿದ್ದ ಪ್ರಣಬ್ ಮುಖರ್ಜಿ ಮನೆಯಲ್ಲಿ ಪೋಲ್ಟು. ಪ್ರಣಬ್‌ನಲ್ಲಿ ಪೋಲ್ಟು ಬರುತ್ತಾ, ಎಳೆದರೆ ಬರಬಹುದಾ ಅಂತ ಯಾರೂ ಕಾಲಂ ಹಾಕಲಿಲ್ಲ.

ನಮ್ಮಲ್ಲಿ ಏನು ಕಡಿಮೆ? ಮುತ್ತುರಾಜ ಅವರು ರಾಜ್‌ಕುಮಾರ್ ಆದರು, ಊರಿಗೆ ಅಣ್ಣಾವ್ರಾದರು. ಅವರ ಕಿರಿಯ ಮಗನಿಗೆ ಮೊದಲಿಟ್ಟ ಹೆಸರು ಲೋಹಿತ್. ‘ಬೆಟ್ಟದ ಹೂವು’ ಚಿತ್ರದ ಆ ಮಾಸ್ಟರ್ ಲೋಹಿತ್ ಮುಂದೆ ಪುನೀತ್ ಆದ. ಲೋಹಿತ್‌ನಲ್ಲೂ ಅಪ್ಪು ಇಲ್ಲ, ಪುನೀತ್‌ನಲ್ಲೂ ಅಪ್ಪು ಇಲ್ಲ. ದಾಖಲೆಯ ಹೆಸರು ಬದಲಾಯಿತು, ಅಪ್ಪು ಅಲ್ಲೇ ಕೂತಿತ್ತು. 2002ರಲ್ಲಿ ನಾಯಕನಾಗಿ ಬಂದಾಗ ಚಿತ್ರಕ್ಕೆ ಇಟ್ಟದ್ದೂ ಅದನ್ನೇ. ನೀನು ಮೂರು ಸಲ ನೋಡಿದ್ದೀಯ, ನಿನಗೆ ನಾನು ಹೇಳಬೇಕಾ?

ಹೊಂದಿಸಲೇಬೇಕು ಅನ್ನುವ ಹಟವಿದ್ದರೆ ಅದಕ್ಕೂ ನಮ್ಮವರು ದಾರಿ ಮಾಡಿಟ್ಟಿದ್ದಾರೆ, ಲೋಪಸಂಧಿ. ಪುಟ್ಟ ಅನ್ನುವುದಕ್ಕಿಂತ ಪುಟ್ಟ ಹೆಸರು ಕನ್ನಡದಲ್ಲಿ ಇದೆಯೇ? ಅದಕ್ಕೊಂದು ‘ಅಪ್ಪ’ ಸೇರಿಸಿದರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದದ್ದು ಆ ಪುಟ್ಟಪ್ಪನೇ. ಗುಂಡನಿಗೆ ಅಪ್ಪ ಸೇರಿ ಗುಂಡಪ್ಪ, ಡಿ.ವಿ.ಜಿ. ಗುಂಡುವಿಗೆ ರಾವ್ ಸೇರಿ 1980ರಿಂದ ಮೂರು ವರ್ಷ ನಮ್ಮ ಮುಖ್ಯಮಂತ್ರಿ. ಪುಟ್ಟಣ್ಣ ಕಣಗಾಲರ ನಿಜವಾದ ಹೆಸರು ಸೀತಾರಾಮ ಶರ್ಮ ಅಂತ ಎಷ್ಟು ಜನಕ್ಕೆ ಗೊತ್ತು? ತೆರೆಯ ಮೇಲೆ ಬಂದದ್ದು ಪುಟ್ಟನಿಗೆ ಅಣ್ಣ ಸೇರಿದ ಹೆಸರೇ. ಈ ಲೆಕ್ಕದಲ್ಲಿ ಕಿಟ್ಟಿಗೆ ಅಪ್ಪ ಸೇರಿಸಿದರೆ ಕಿಟ್ಟಪ್ಪ. ಖರ್ಚಿಲ್ಲದ ಕೆಲಸ. ನಾದಿನಿ ಈ ಸಾಲು ಓದುವಾಗ ಪಕ್ಕದಲ್ಲಿ ಒಂದು ಲೋಟ ನೀರಿಟ್ಟಿರು.

ಅಪ್ಪನೂ ಇದೇ ಕೆಲಸ ಮಾಡುತ್ತಿದ್ದರು ಅನ್ನುವುದು ನಿನಗೆ ನೆನಪಿರಲಾರದು, ನೀನು ಆಗ ತುಂಬ ಚಿಕ್ಕವನು. ಜೂನ್ ತಿಂಗಳ ಮೊದಲ ವಾರ. ಹಳ್ಳಿ ಶಾಲೆಯ ಜಗಲಿಯಲ್ಲಿ ಒಂದು ಮೇಜು, ಮೇಜಿನ ಮೇಲೆ ದಾಖಲಾತಿ ಪುಸ್ತಕ, ಅದರ ಹಾಳೆ ಹಾರದಂತೆ ಡಸ್ಟರು. ಒಬ್ಬ ರೈತ ಮಗನ ಕೈ ಹಿಡಿದುಕೊಂಡು ನಿಂತಿದ್ದಾನೆ. ‘ಏನಪ್ಪಾ ಹುಡುಗನ ಹೆಸರು?’ ಆತ ಹೆಂಡತಿಯ ಮುಖ ನೋಡುತ್ತಾನೆ. ಹೆಂಡತಿ ನೆಲ ನೋಡುತ್ತಾಳೆ. ‘ಹೋಗಲಿ, ಮನೇಲಿ ಏನಂತ ಕೂಗ್ತೀರಿ?’ ‘ಕೆಂಚ ಅಂತೀವಿ ಸ್ವಾಮಿ.’ ಅಪ್ಪ ಎರಡು ಕ್ಷಣ ಹುಡುಗನನ್ನು ನೋಡಿ, ಪೆನ್ನಿನ ಮುಚ್ಚಳ ತೆಗೆದು ‘ಕೆಂಪರಾಜು’ ಅಂತ ಬರೆದು, ಅವನಿಗೇ ಓದಿ ಹೇಳುತ್ತಿದ್ದರು. ಹುಡುಗ ತನ್ನ ಹೊಸ ಹೆಸರು ಕೇಳಿ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಜೂನ್ ಒಂದನ್ನೂ ಅವರೇ ಕೊಡುತ್ತಿದ್ದರು. ಪುಟ್ಟಿ ಬಂದರೆ ಪುಟ್ಟಲಕ್ಷ್ಮಮ್ಮ, ಚಿಕ್ಕೋನು ಬಂದರೆ ಚಿಕ್ಕಣ್ಣ. ಒಂದು ಬೆಳಗಿನಲ್ಲಿ ಇಪ್ಪತ್ತು ಹೆಸರು. ಅಪ್ಪ ಹೋದಾಗ ಬಂದಿದ್ದ ಒಬ್ಬ ಲಾರಿ ಮಾಲೀಕ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತು, ‘ನನ್ ಲಾರಿ ಮುಂದ್ಗಡೆ ಇರೋದು ಮೇಷ್ಟ್ರು ಇಟ್ಟಿದ್ ಹೆಸ್ರು ಕಣಮ್ಮ’ ಅಂದ. ಪಕ್ಕದಲ್ಲಿದ್ದವನು ‘ಬಾರೋ ಕೆಂಚ, ಟೈಮಾಯ್ತು’ ಅಂತ ಅವನನ್ನು ಕರೆದುಕೊಂಡು ಹೋದ.

ಹಾಗಾಗಿ ಕರೆಯುವ ಹೆಸರು ಮೊದಲು, ಉದ್ದದ ಹೆಸರು ಆಮೇಲೆ ಅನ್ನುವುದು ನಿಮ್ಮ ಹೊಸ ಶೋಧನೆಯೇನಲ್ಲ. ನಿಮ್ಮದು ಹೊಸದಾಗಿರುವುದು ಇನ್ನೊಂದು ಕಡೆ. ಕೆಂಚನ ಹೆಸರು ಕೆಂಚನದೇ ಆಗಿತ್ತು. ಅವನ ಮೈಬಣ್ಣ ನೋಡಿ ಅವನ ಕೇರಿ ಇಟ್ಟದ್ದು. ನಿಮ್ಮ ಕಿಟ್ಟಿ ನಿಮ್ಮ ಮಗನದಲ್ಲ, ನಮ್ಮಪ್ಪನದು. ನಾವು ತಿಪಟೂರಿನವರು, ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ. ಉಂಡೆ ಕೊಬ್ಬರಿ ಹೇಗಾಗುತ್ತೆ? ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಕರಟ ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಕೃಷ್ಣಮೂರ್ತಿ ಎಂಬ ಕಾಯಿಯೊಳಗೆ ಕಿಟ್ಟಿ ಆದದ್ದು ಹಾಗೆ. ಮೊದಲು ನಮ್ಮಜ್ಜಿಯ ಬಾಯಲ್ಲಿ, ಆಮೇಲೆ ಕೆರೆ ಏರಿಯ ಮೇಲೆ ಜೊತೆಗೆ ಓಡುತ್ತಿದ್ದವರ ಬಾಯಲ್ಲಿ, ಆಮೇಲೆ ಬೆನ್ನ ಹಿಂದೆ ‘ಕಿಟ್ಟಿ ಮೇಷ್ಟ್ರು ಬಂದ್ರು ಕಣ್ರೋ’ ಅನ್ನುತ್ತಿದ್ದ ಹುಡುಗರ ಬಾಯಲ್ಲಿ. ಎಪ್ಪತ್ತು ವರ್ಷ ಹಿಡಿಯಿತು. ನೀವು ಒಬ್ಬಟ್ಟಿನ ಪಂಕ್ತಿಯಲ್ಲಿ ಆ ಕೊಬ್ಬರಿಯನ್ನು ಎತ್ತಿಕೊಂಡಿರಿ, ಕರಟ ಹಳೇದು ಅಂತ ಎಸೆದಿರಿ, ಈಗ ಅದಕ್ಕೆ ಹೊಂದುವ ಹೊಸ ಕರಟಕ್ಕೆ ಅಂಗಡಿ ಅಂಗಡಿ ಅಲೆಯುತ್ತಿದ್ದೀರಿ. ಕ್ರಿಯಾಂಶ್ ಪಾಲಿಶ್ ಮಾಡಿದ ಒಳ್ಳೇ ಕರಟ. ಒಳಗೆ ಗಡಗಡ ಅನ್ನುವುದು ಮಾತ್ರ ಬೇರೆ ಮರದ್ದು.

ಯೋಜನೆ ಹಾಕಿ ಇಟ್ಟ ಕರೆಯುವ ಹೆಸರು ನಿಲ್ಲುವುದೂ ಅನುಮಾನ. ನನ್ನನ್ನೇ ನೋಡು. ಅಪ್ಪ ಎರಡು ವಾರ ಯೋಚಿಸಿ ಇಟ್ಟದ್ದು ವಿಶಾಲಾಕ್ಷಿ. ಮನೆಯಲ್ಲಿ ವಿಶಾಲು ಅಂತ ಕರೆಯಬೇಕು ಎಂದೂ ಅವರೇ ತೀರ್ಮಾನ ಮಾಡಿದ್ದರಂತೆ. ನಡೆಯಿತು, ನೀನು ಹುಟ್ಟುವ ತನಕ. ಹಲ್ಲಿಲ್ಲದ ಬಾಯಲ್ಲಿ ನೀನು ‘ಚಾಲು’ ಅಂದೆ. ಅವತ್ತಿನಿಂದ ಮನೆಗೆಲ್ಲ ನಾನು ಚಾಲು, ನೀರು ತರುವವನಿಗೂ ಚಾಲಕ್ಕ. ಈಗ ಬ್ಯಾಂಕಿನಲ್ಲಿ ಚಾಲ್ತಿ ಖಾತೆಗಳ ಕೌಂಟರಿನಲ್ಲಿ ಕೂತಿದ್ದೇನೆ, ನಿನ್ನ ಬಾಯಿಹರಕೆ. ನಿನ್ನ ಮನೆ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಇದು ಬಹಿರಂಗ ಪತ್ರ, ನಿನ್ನ ಟೀಮಿನವರೂ ಓದಬಹುದು. ಗ್ರೂಪಿನಲ್ಲಿ ನನಗೆ ಮತ್ತೆ ಮಾತಾಡಲು ಬಿಡುವ ವಿಚಾರವನ್ನು ನೀನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬಹುದು.

ನಿನ್ನ ಮಗನಿಗಾದರೂ ಏನು ಕೊರತೆ? ಹೋದ ವಾರ ನಿಮ್ಮ ಮನೆಗೆ ಬಂದಾಗ ಎಣಿಸಿದೆ. ಎಣ್ಣೆ ನೀರು ಹಾಕಲು ಬರುವಾಕೆ ಅವನನ್ನು ಗುಂಡಪ್ಪ ಅನ್ನುತ್ತಾಳೆ. ವಾಚ್‌ಮನ್ ಮಗಳು ಲಡ್ಡು ಅನ್ನುತ್ತಾಳೆ. ಆಸ್ಪತ್ರೆಯಲ್ಲಿ ಕೈಗೆ ಕಟ್ಟಿದ್ದ ಪಟ್ಟಿಯಲ್ಲಿ ‘ಬೇಬಿ ಆಫ್’ ಅಂತ ಬರೆದು ನಾದಿನಿಯ ಹೆಸರಿತ್ತು. ಅದೇ ಅವನ ಮೊದಲ ದಾಖಲೆಯ ಹೆಸರು. ತಾಯಿ ಹೆಸರಿನಿಂದಲೇ ಕರೆಸಿಕೊಳ್ಳುವ ಮರ್ಯಾದೆ ಅವನಿಗೆ ಮೂರೇ ದಿನ ಸಿಕ್ಕಿತು. ಪಟ್ಟಿ ಕತ್ತರಿಸಿದ ಮೇಲೆ ಎಲ್ಲ ಫಾರಂಗಳೂ ನಿನ್ನ ಕಡೆಗೆ ತಿರುಗಿದವು.

ಫಾರಂ ಅಂದಾಗ ನೆನಪಾಯಿತು. ನಿಮಗೆ ಗಾಬರಿ ಬೇಡ, ಸಮಯ ಬೇಕಾದಷ್ಟಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟನ್ನು 21 ದಿನದೊಳಗೆ ಬರೆಸಬೇಕು. ಅದನ್ನು ಆಸ್ಪತ್ರೆಯವರೇ ಮಾಡಿದ್ದಾರೆ. ಹೆಸರಿನ ಜಾಗ ಖಾಲಿ ಬಿಡಬಹುದು; ಹನ್ನೆರಡು ತಿಂಗಳೊಳಗೆ ಸೇರಿಸಿದರೆ ಕಾಸು ಕೊಡಬೇಕಾಗಿಲ್ಲ, ಅದು ದಾಟಿದರೂ ಶುಲ್ಕ ಕಟ್ಟಿ ಹದಿನೈದು ವರ್ಷದವರೆಗೆ ಸೇರಿಸಬಹುದು. ಅಷ್ಟರಲ್ಲಿ ಹುಡುಗನಿಗೆ ಮೀಸೆ ಚಿಗುರಿರುತ್ತೆ, ಎಕ್ಸೆಲ್ಲೂ ಬರುತ್ತೆ, ಕಾಲಂಗಳನ್ನು ಅವನೇ ತುಂಬಿಕೊಳ್ಳುತ್ತಾನೆ. ಒಂದೇ ತೊಂದರೆ, 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಆಧಾರಿಗೂ ಮತದಾರರ ಪಟ್ಟಿಗೂ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಒಮ್ಮೆ ಕೂತ ಹೆಸರು ಕೊನೆಯವರೆಗೂ ಹಿಂದೆ ಬರುತ್ತೆ. ಕೌಂಟರಿನಲ್ಲಿ ಕೂತವಳಿಗೆ ಇದರ ಬೆಲೆ ಗೊತ್ತು. ಆಧಾರಿನಲ್ಲಿ ಸಣ್ಣಮ್ಮ, ಪಹಣಿಯಲ್ಲಿ ನಿಂಗಮ್ಮ, ಹೀಗೆ ಬರುವವರು ವಾರಕ್ಕೆ ಇಬ್ಬರಾದರೂ ಇರುತ್ತಾರೆ. ಛಾಪಾ ಕಾಗದದ ಮೇಲೆ ‘ನಿಂಗಮ್ಮ ಯಾನೆ ಸಣ್ಣಮ್ಮ, ಇಬ್ಬರೂ ಒಬ್ಬರೇ’ ಅಂತ ಬರೆಸಿ ನೋಟರಿಯ ಸಹಿ ಹಾಕಿಸಿಕೊಂಡು ಬನ್ನಿ ಅಂತ ಒಬ್ಬ ಅಜ್ಜಿಗೆ ಹೇಳಿದಾಗ ಆಕೆ ಕೌಂಟರಿಗೆ ಬಗ್ಗಿ, ‘ಇಬ್ರೂ ನಾನೇ ಕಣವ್ವ, ಒಬ್ಳು ಹೊಲಕ್ಕೆ ಹೋಗ್ತಾಳೆ, ಒಬ್ಳು ಬ್ಯಾಂಕಿಗೆ ಬರ್ತಾಳೆ’ ಅಂದಳು. ಛಾಪಾ ಕಾಗದದಲ್ಲಿ ಇಷ್ಟು ಚೆನ್ನಾಗಿ ಯಾವ ವಕೀಲರೂ ಬರೆದದ್ದನ್ನು ನಾನು ಕಂಡಿಲ್ಲ.

ಇನ್ನು ಅಮ್ಮನ ವಿಚಾರ. ಇದನ್ನು ನೀವು ಯಾವ ಕಾಲಮ್ಮಿನಲ್ಲೂ ಹಾಕಿಲ್ಲ. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಅಮ್ಮ ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಮದುವೆಯ ದಿನ ಎಲ್ಲರೂ ಸೇರಿ ಹೇಳಿಸಿದಾಗ. ಆಮೇಲೆ ಇವ್ರು, ಅವ್ರು, ನಿಮ್ಮಪ್ಪ. ಗಂಡನ ಹೆಸರು ಅಂತ ದೇವರಿಗೂ ರಿಯಾಯಿತಿ ಇರಲಿಲ್ಲ. ಕೃಷ್ಣ ಜನ್ಮಾಷ್ಟಮಿ ಅವಳ ಬಾಯಲ್ಲಿ ಇವತ್ತಿಗೂ ಗೋಕುಲಾಷ್ಟಮಿ. ಕೃಷ್ಣರಾಜಸಾಗರ ಕನ್ನಂಬಾಡಿ ಕಟ್ಟೆ. 2011ರ ಜನಗಣತಿಗೆ ಮನೆಗೆ ಬಂದಿದ್ದ ಮೇಡಂ ‘ಯಜಮಾನರ ಹೆಸರೇನಮ್ಮ’ ಅಂದಾಗ ಅಮ್ಮ ಗೋಡೆಯ ಕ್ಯಾಲೆಂಡರು ತೋರಿಸಿದಳು. ಅದರಲ್ಲಿ ಬೆಣ್ಣೆ ತಿನ್ನುವ ಕೃಷ್ಣ. ‘ಗೋಪಾಲಾನಾ?’ ಅಲ್ಲ. ‘ವೇಣುಗೋಪಾಲ?’ ಅಲ್ಲ. ‘ಮುರಳಿ?’ ಅಮ್ಮ ಬೇಸರಪಟ್ಟುಕೊಂಡು ಒಳಗೆ ಹೋಗಿ ಅಪ್ಪನ ಪಿಂಚಣಿ ಪುಸ್ತಕ ತಂದುಕೊಟ್ಟಳು.

ಹಿಂದೆ ಮೊಮ್ಮಗನಿಗೆ ತಾತನ ಹೆಸರು ಇಡುತ್ತಿದ್ದರಲ್ಲ, ಆಗ ಹುಟ್ಟುತ್ತಿದ್ದ ತೊಡಕೂ ಇದೇ. ಸೊಸೆ ಮಾವನ ಹೆಸರು ಹಿಡಿದು ‘ಲೋ ಕೃಷ್ಣಮೂರ್ತಿ, ಚಡ್ಡಿ ಹಾಕ್ಕೊಳೋ’ ಅನ್ನುವುದಕ್ಕೆ ಆಗುತ್ತದೆಯೇ? ಅದಕ್ಕೇ ಪುಟ್ಟ, ಅಪ್ಪು, ತಮ್ಮಣ್ಣ, ಅಣ್ಣಯ್ಯ. ಹೆಸರಿನ ಮೇಲಿನ ಗೌರವ ಕೆಡಬಾರದು ಅಂತ ಹುಟ್ಟಿಕೊಂಡದ್ದೇ ಎಷ್ಟೋ ಮುದ್ದಿನ ಹೆಸರು. ನೀವು ಕೆಲಸವನ್ನು ತಲೆಕೆಳಗು ಮಾಡಿದ್ದೀರಿ. ಹೇಳಬಾರದ ಹೆಸರನ್ನು ಬಿಟ್ಟು, ಅದರ ಕರೆಯುವ ಹೆಸರನ್ನು ಉಳಿಸಿಕೊಂಡಿದ್ದೀರಿ. ಇದರಿಂದ ಗೆಲ್ಲುವವರು ಯಾರೋ ಗೊತ್ತಿಲ್ಲ, ಸಿಕ್ಕಿಬೀಳುವವಳು ಅಮ್ಮ. ಕೃಷ್ಣನನ್ನೇ ಹೇಳದವಳು ಕಿಟ್ಟಿ ಅಂತ ಹೇಗೆ ಕರೆದಾಳು?

ಕೊನೆಯದಾಗಿ ಒಂದು ವಿಷಯ ನಿನ್ನ ಕಿವಿಗೆ ಹಾಕಬೇಕು. 2022ರ ನವೆಂಬರಿನಲ್ಲಿ ನೀನು ದುಬೈಗೆ ಹೊರಟಿದ್ದೆ. ಒಂಟಿ ಹೆಸರಿನ ಪಾಸ್‌ಪೋರ್ಟಿನವರನ್ನು ಪ್ರವಾಸಿ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಅಂತ ಆಗಲೇ ಅಲ್ಲಿನವರು ಹೊಸ ನಿಯಮ ತಂದರು. ನಿನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮಿನ ಜಾಗ ಖಾಲಿ. ನಮ್ಮ ಕಡೆಯವರಿಗೆ ಇನಿಷಿಯಲ್ ಇರುತ್ತೆ, ಸರ್‌ನೇಮ್ ಎಲ್ಲಿಂದ ತರುವುದು? ಪ್ರಯಾಣ ರದ್ದು ಮಾಡಿ, ಓಡಾಡಿ, ನಿನ್ನ ಹೆಸರಿನ ಹಿಂದೆ ಮೂವತ್ತು ವರ್ಷ ಮುದುಡಿ ಕೂತಿದ್ದ ‘ಕೆ.’ಯನ್ನು ಬಿಡಿಸಿ ಬರೆಸಿದೆ. ಖಾತೆಯ ಕೆವೈಸಿಗೆ ಅಂತ ನೀನು ನನಗೆ ಕಳಿಸಿದ ಹೊಸ ಪಾಸ್‌ಪೋರ್ಟಿನ ಪ್ರತಿ ನನ್ನ ಹತ್ತಿರ ಇನ್ನೂ ಇದೆ. ಸರ್‌ನೇಮ್: ಕೃಷ್ಣಮೂರ್ತಿ. ನಿಮ್ಮ ಆಫೀಸಿನ ಅಮೆರಿಕದವರು ನಿನ್ನನ್ನು ಕ್ರಿಶ್ ಅನ್ನುತ್ತಾರೆ ಅಂತ ನೀನೇ ಹೇಳಿದ್ದೆ. ಇನ್ನು ಸ್ವಲ್ಪ ದಿನಕ್ಕೆ ಮಗುವಿನ ಪಾಸ್‌ಪೋರ್ಟ್ ಅರ್ಜಿ ತುಂಬುತ್ತೀಯ. ಮೊದಲ ಹೆಸರಿನ ಜಾಗದಲ್ಲಿ ಕ್ರಿಯಾಂಶ್ ಹಾಕು, ಕಿಯಾನ್ ಹಾಕು, ಕಿಟ್ಟೆಲ್ ಹಾಕು. ಎರಡನೆಯ ಜಾಗಕ್ಕೆ ಬಂದಾಗ ಒಂದು ಗಳಿಗೆ ಪೆನ್ನು ಎತ್ತಿ ಹಿಡಿದು ನನ್ನನ್ನು ನೆನೆಸಿಕೋ. ಅಲ್ಲಿ ನೀನು ಏನು ಬರೆಯುತ್ತೀಯ ಅಂತ ನನಗೆ ಗೊತ್ತು. ಆ ಹೆಸರಿನಿಂದ ಕಿಟ್ಟಿ ಬರುತ್ತೆ, ಎಳೆಯಬೇಕಾಗಿಲ್ಲ.

ಬರುವ ಭಾನುವಾರ ತೊಟ್ಟಿಲ ಶಾಸ್ತ್ರಕ್ಕೆ ಶನಿವಾರ ರಾತ್ರಿಯೇ ಬರುತ್ತೇನೆ. ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅದನ್ನು ಯಾವ ಅಡ್ಮಿನ್ನೂ ಕಿತ್ತುಕೊಳ್ಳುವ ಹಾಗಿಲ್ಲ. ಫಾರಂ ನಿಮ್ಮದು, ಕಿವಿ ನನ್ನದು. ನಾನು ಬಗ್ಗಿ ಪಿಸುಗುಟ್ಟುವುದು ಯಾರಿಗೂ ಕೇಳಿಸುವುದಿಲ್ಲ, ಹೊರಗೆ ವಾದ್ಯವೂ ಇರುತ್ತೆ.

ಇಂತಿ ನಿಮ್ಮ ಅಕ್ಕ,
ವಿಶಾಲಾಕ್ಷಿ ಯಾನೆ ಚಾಲು

ತಾ.ಕ.: ಹೆಸರುಬೇಳೆ ಪಾಯಸಕ್ಕೆ ಬೆಲ್ಲ ಇಲ್ಲಿಂದಲೇ ತರುತ್ತೇನೆ, ಅಲ್ಲಿನದು ಉಪ್ಪುಪ್ಪು. ಇದನ್ನು ಬರೆದು ಮುಗಿಸುವಷ್ಟರಲ್ಲಿ ಅಮ್ಮ ಫೋನು ಮಾಡಿದ್ದಳು. ಹೆಸರು ಗೊತ್ತಾಯಿತಾ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ‘ಪುಟ್ಟ ರಾತ್ರಿ ಸರಿಯಾಗಿ ಮಲಗಿದ್ನಂತಾ?’ ಅಂದಳು.